ಎರಡು ಸಲ ಅದುಮಿದರೆ ಕಣ್ಣು ಮುಚ್ಚು

ಭಾನುವಾರ, ಮ್ಯಾಟಿನಿ ಹೊತ್ತು

ಹೆದರುಪುಕ್ಕಲಿ ಗುಬ್ಬಿಗೆ,

ನಿನ್ನ ಅಕ್ಕ ಇನ್ನೂ ಉಸಿರಾಡುತ್ತಿದ್ದಾಳೆ. ಮೊದಲು ಆ ಸುದ್ದಿ ತಗೋ, ಆಮೇಲೆ ಬೈಗುಳ.

ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಕನ್ನಡಕ ಒಡೆದಿದೆ. ನಾನು ಹೇಳುತ್ತಿದ್ದೇನೆ, ಮೇಲಿನ ಮನೆಯ ದರ್ಜಿ ಬರೆಯುತ್ತಿದ್ದಾನೆ. ನನ್ನ ನಾಲಿಗೆ ಈಗ ಬಾಯ್ತುಂಬ ಬಿಸಿ ತುತ್ತು ಇಟ್ಟುಕೊಂಡವಳ ಹಾಗೆ ತೊದಲುತ್ತದೆ, ಬೇರೆ ಯಾರಿಗೂ ಒಂದಕ್ಷರ ತಿಳಿಯುವುದಿಲ್ಲ. ಇವನಿಗೆ ತಿಳಿಯುತ್ತದೆ. ಜೀವಮಾನವಿಡೀ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೆಂಡತಿಯ ಜೊತೆ ಜಗಳವಾಡಿದ ಆಸಾಮಿ. ಬೈಗುಳ ಬಂದಾಗಲೆಲ್ಲ ಪೆನ್ನು ಎತ್ತಿ, ಇದೊಂದು ಬಿಟ್ಬಿಡೋಣ್ವಾ ಅಕ್ಕಾವ್ರೇ ಅಂತ ಕೇಳುತ್ತಾನೆ. ಬರಿಯಯ್ಯಾ, ಅದೇ ಮುಖ್ಯ ಅನ್ನುತ್ತೇನೆ.

ನಿನ್ನ ಕಾಗದ ಬಂತು. ನಿನ್ನನ್ನು ಮೊದಲಿದ್ದ ಹಾಗೇ ನೆನಪಿಟ್ಟುಕೊಳ್ಳುತ್ತೇನೆ, ಅದಕ್ಕೇ ಬರುತ್ತಿಲ್ಲ ಎಂದು ಬರೆದಿದ್ದೀಯ. ನಾನೇನು ಗೋಡೆಗೆ ಹಾಕಿದ ಫೋಟೋನಾ? ನೀನು ನನ್ನ ಮೆಟ್ಟಿಲು ತುಳಿದು ವರ್ಷವಾಯಿತು. ಪಾರ್ಸೆಲ್ ಮಾತ್ರ ತಪ್ಪುವುದಿಲ್ಲ. ಉಣ್ಣೆ ಕಾಲುಚೀಲ, ಮೆತ್ತನೆ ದಿಂಬು, ಹೊಸ ದೆವ್ವದ ಸಿನಿಮಾದ ಡಿಸ್ಕು. ಡಿಸ್ಕು ನೋಡಿದೆ, ಬರೀ ಕಸ. ದೆವ್ವಕ್ಕೆ ಕಾಲಿಲ್ಲ ಅಂತ ಅವರೇ ತೋರಿಸುತ್ತಾರೆ, ಮಹಡಿ ಮೆಟ್ಟಿಲ ಮೇಲೆ ದಬದಬ ಹೆಜ್ಜೆ ಸದ್ದನ್ನೂ ಅವರೇ ಹಾಕುತ್ತಾರೆ. ದರ್ಜಿ ಆ ಸದ್ದಿಗೇ ಎದ್ದು ಅಡುಗೆಮನೆಗೆ ಹೋಗಿ ಕೂತ.

ನಮ್ಮ ಕಾಲದ ದೆವ್ವಗಳಿಗೆ ಮರ್ಯಾದೆಯಿತ್ತು. ಇಸ್ತ್ರಿ ಅಂಗಡಿಯ ಬಾಗಿಲು ಅರ್ಧ ಎಳೆದು ಶುಕ್ರವಾರದ ಮ್ಯಾಟಿನಿಗೆ ನಾನೊಬ್ಬಳೇ ಓಡುತ್ತಿದ್ದೆ. ಒಬ್ಬಳೇ ಹೆಣ್ಣು, ಅದೂ ಅಂಥ ಚಿತ್ರಕ್ಕೆ, ಹೆದರಿಕೆಯಾಗಲ್ವಾ ಅಂತ ಗೇಟಿನವನು ಪ್ರತಿಸಲವೂ ಕೇಳುತ್ತಿದ್ದ. ದಿನವಿಡೀ ಸಾಲಾಗಿ ನೇತುಹಾಕಿದ ಖಾಲಿ ಅಂಗಿಗಳ ನಡುವೆ ನಿಲ್ಲುವವಳಿಗೆ ತಲೆಯಿಲ್ಲದ ಭೂತ ಯಾವ ಲೆಕ್ಕ ಅಂದಿದ್ದೆ. ಆ ಕಾಂಪೌಂಡರ್ ನೆನಪಿದ್ದಾನಾ, ನನ್ನನ್ನು ಮದುವೆಗೆ ಕೇಳಿದವನು? ಅವನನ್ನೂ ಒಂದು ಚಿತ್ರಕ್ಕೆ ಕರೆದುಕೊಂಡು ಹೋದೆ. ಇಂಟರ್ವಲ್‌ನಲ್ಲಿ ಈಗ ಬಂದೆ ಅಂತ ಹೊರಗೆ ಹೋದವನು ವಾಪಸ್ಸು ಬರಲೇ ಇಲ್ಲ. ಉಳಿದರ್ಧ ಅವನ ಕುರ್ಚಿಯ ಮೇಲೆ ಕಾಲು ಚಾಚಿ ನೋಡಿದೆ. ಈಗ ಯೋಚಿಸಿದರೆ ಅದೇ ನನ್ನ ಸಂಸಾರ.

ಶುಕ್ರವಾರ ಒಬ್ಬಳೇ ನೋಡಿದ ಚಿತ್ರಕ್ಕೇ ಭಾನುವಾರ ಮತ್ತೆ ನಿನ್ನ ಜೊತೆ. ನಿನಗೆ ಹೆದರಿಕೆಯೂ ಬೇಕು, ಎಲ್ಲಿ ಹೆದರಬೇಕು ಅಂತ ಮೊದಲೇ ಗೊತ್ತಿರಲೂ ಬೇಕು. ಅದಕ್ಕೇ ನಾನು ಮೊದಲು ನೋಡಿ ಬರುತ್ತಿದ್ದೆ. ಒಂದು ಸಲ ಕೈ ಅದುಮಿದರೆ ಬರ್ತಾ ಇದೆ ಅಂತ. ಎರಡು ಸಲ ಅದುಮಿದರೆ ಕಣ್ಣು ಮುಚ್ಚು ಅಂತ. ಕೈ ಸಡಿಲ ಬಿಟ್ಟರೆ ಹೋಯಿತು, ಕಣ್ಣು ಬಿಡು ಅಂತ. ನಿನ್ನ ಮದುವೆಯಾದ ಮೇಲೂ, ಮಗಳು ಹುಟ್ಟಿದ ಮೇಲೂ ಇದು ತಪ್ಪಲಿಲ್ಲ. ನಿನ್ನ ಗಂಡ ಮಧ್ಯೆ ಕೂರಲು ಬಂದರೆ ಆಚೆ ಸೀಟಿಗೆ ಅಟ್ಟುತ್ತಿದ್ದೆ.

ಇದು ಸಿನಿಮಾ ಮಂದಿರದಲ್ಲಿ ಶುರುವಾದದ್ದು ಅಂತ ನೀನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಾನೂ ಸುಮ್ಮನಿದ್ದೆ. ಸಿನಿಮಾ ಮಂದಿರದಲ್ಲಲ್ಲ ಕಣೇ, ಅಮ್ಮನ ಕೋಣೆಯ ಬಾಗಿಲಲ್ಲಿ.

ನಿನಗೆ ಆಗ ಆರೋ ಏಳೋ. ಅಮ್ಮನ ಕೈಕಾಲು ಬಿದ್ದು, ಅವಳ ಚಾಕರಿಗೆ ಅಂತ ನನ್ನನ್ನು ಶಾಲೆ ಬಿಡಿಸಿದ್ದರು. ಅಮ್ಮ ಸುಮ್ಮಸುಮ್ಮನೆ ನಗತೊಡಗಿದ್ದಳು. ಅಪ್ಪ ಏಣಿಯಿಂದ ಬಿದ್ದು ಮಂಡಿ ಒಡೆದುಕೊಂಡು ರಕ್ತ ಸುರಿಸುತ್ತ ಒಳಗೆ ಬಂದರೂ ನಕ್ಕಳು. ಹಾಗೇ ನಗುವ ಹೆಂಗಸನ್ನು ಚಿಕ್ಕಮ್ಮ ಕರೆದುಕೊಂಡು ಹೋಗಿದ್ದ ಚಿತ್ರದಲ್ಲಿ ನಾವು ನೋಡಿದ್ದೆವಲ್ಲ. ಇಬ್ಬರೂ ಮಂಚದ ಕೆಳಗೆ ಕೂತು ತೀರ್ಮಾನ ಮಾಡಿದೆವು, ಒಳಗಿರುವುದು ಅಮ್ಮ ಅಲ್ಲ ಅಂತ.

ಚಿತ್ರದಲ್ಲಿ ದೆವ್ವ ತನ್ನ ಮುಖ ತಾನೇ ನೋಡಿಕೊಂಡು ಓಡಿಹೋಗಿತ್ತು. ನಾವು ಗೋಡೆಯ ಕನ್ನಡಿ ಕಳಚಿ ತಂದು ಅಮ್ಮನ ಎದುರು ಹಿಡಿದೆವು. ಒಂದು ತುದಿ ನೀನು, ಒಂದು ತುದಿ ನಾನು. ಅಮ್ಮ ನೋಡಿಕೊಂಡಳು. ಕಾಯಿಲೆ ಬಿದ್ದಮೇಲೆ ಅವಳು ಕನ್ನಡಿ ನೋಡಿಕೊಂಡದ್ದು ಅದೇ ಮೊದಲು. ನೋಡುತ್ತ ನೋಡುತ್ತ ನಕ್ಕಳು. ಕಣ್ಣಿಂದ ನೀರು ಸುರಿಯುತ್ತಲೇ ಇದೆ, ನಗು ನಿಲ್ಲುತ್ತಿಲ್ಲ. ನೀನು ನಿನ್ನ ತುದಿ ಕೈಬಿಟ್ಟು ಓಡಿದೆ. ಕನ್ನಡಿ ಚೂರುಗಳನ್ನು ನಾನು ಗುಡಿಸಿದೆ, ಅಮ್ಮ ನಗುತ್ತಲೇ ಇದ್ದಳು.

ಆಮೇಲೆ ನೀನು ಆ ಕೋಣೆಗೆ ಕಾಲಿಡಲಿಲ್ಲ. ಅಪ್ಪ ಗದರಿಸಿದಾಗ ನಾನು ಮೊದಲು ಒಳಗೆ ಹೋಗಿ ನೋಡಿ ಬಂದು, ನಿನ್ನ ಕೈ ಹಿಡಿದು ಕರೆದೊಯ್ಯುತ್ತಿದ್ದೆ. ಇವತ್ತು ಬಾಯಿ ಸೊಟ್ಟಗಿದೆ, ಪಾದ ನೋಡ್ಕೊಂಡು ನಿಂತ್ಕೋ ಅನ್ನುತ್ತಿದ್ದೆ. ಅಮ್ಮ ಹೋದ ಬೆಳಗ್ಗೆ ನಿನ್ನ ಕೈ ಎರಡು ಸಲ ಅದುಮಿದೆ. ನೀನು ಕಣ್ಣು ಮುಚ್ಚಿದೆ. ಎತ್ತಿಕೊಂಡು ಹೋಗುವವರೆಗೂ ತೆರೆಯಲಿಲ್ಲ. ನಾನೂ ಕೈ ಸಡಿಲ ಬಿಡಲಿಲ್ಲ.

ಮೊನ್ನೆ ನಿನ್ನ ಮಗಳು ಫೋನು ಮಾಡಿದ್ದಳು. ದೊಡ್ಡಮ್ಮಾ, ಅಮ್ಮ ದಿನಾ ಕನ್ನಡಿ ಮುಂದೆ ನಿಂತು ನಾಲಿಗೆ ಚಾಚಿ ನೋಡ್ಕೋತಾಳೆ, ಕೈಯಿಂದ ಒಂದು ಚಮಚ ಜಾರಿದ್ರೂ ಆ ದಿನ ಊಟ ಬಿಡ್ತಾಳೆ ಅಂದಳು. ಅಲ್ಲಿಗೆ ನಿನ್ನ ಕಾಗದದ ಸಿಹಿಮಾತೆಲ್ಲ ಅರ್ಥವಾಯಿತು. ಅಮ್ಮನಿಗಿದ್ದದ್ದು ನನಗೆ ಬಂತು, ನಾಳೆ ನಿನ್ನ ಸರದಿಯೋ ಏನೋ. ನನ್ನನ್ನು ನೋಡುವುದೆಂದರೆ ನಿನಗೆ ಆ ಕನ್ನಡಿಯ ತುದಿ ಮತ್ತೆ ಹಿಡಿದಂತೆ.

ರಕ್ತಪರೀಕ್ಷೆ ಮಾಡಿಸಲೋ ಬೇಡವೋ ಎಂದೂ ಕೇಳಿದ್ದೀಯ. ಅದು ನಿನ್ನ ಟಿಕೆಟ್ಟು, ಗೇಟಿನಲ್ಲಿ ಕೊಟ್ಟು ಒಳಗೆ ಹೋಗುವುದೂ ಬಿಡುವುದೂ ನಿನಗೆ ಸೇರಿದ್ದು. ನಾನು ಹೇಳಲಾರೆ. ನೋಡಿ ಬಂದಷ್ಟನ್ನು ಮಾತ್ರ ಹೇಳುತ್ತೇನೆ, ಮೊದಲಿಂದ ಅದೇ ತಾನೇ ನನ್ನ ಕೆಲಸ. ಮೊದಲು ಇಸ್ತ್ರಿಪೆಟ್ಟಿಗೆ ಭಾರವಾಗುತ್ತದೆ. ಆಮೇಲೆ ಗುಂಡಿ ಹಾಕಲು ಬರುವುದಿಲ್ಲ. ಆಮೇಲೆ ಮೆಟ್ಟಿಲು, ಆಮೇಲೆ ನುಂಗುವ ನೀರು. ಈಗ ಎದೆಯ ಸರದಿ. ಇಂಟರ್ವಲ್ ಮುಗಿದು ಬಹಳ ಹೊತ್ತಾಯಿತು ಅಂತ ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ, ಮುಂದಿನ ತಿಂಗಳ ಚೀಟಿ ಮಾತ್ರ ಬರೆದುಕೊಡಲಿಲ್ಲ.

ನಗುವೂ ಬಂದಿದೆ, ಗುಬ್ಬಿ. ಪಕ್ಕದ ಮನೆಯ ಮುದುಕ ಸತ್ತ ಸುದ್ದಿ ಹೇಳಲು ಬಂದ ಅವನ ಸೊಸೆಯ ಎದುರು ಉಸಿರು ಕಟ್ಟುವಷ್ಟು ನಕ್ಕೆ. ಅವಳು ಇನ್ನು ಈ ಕಡೆ ತಲೆ ಹಾಕುವುದಿಲ್ಲ. ದರ್ಜಿಯ ಬಾಯಲ್ಲಿ ಡಾಕ್ಟರನ್ನು ಕೇಳಿಸಿದೆ. ನರ ಸೋತಾಗ ನಗು ಅಳು ಎರಡೂ ಹೇಳದೆ ಕೇಳದೆ ಮುಖಕ್ಕೆ ಬರುತ್ತವಂತೆ, ಒಳಗೆ ಬುದ್ಧಿ ನೆಟ್ಟಗೇ ಇರುತ್ತದಂತೆ. ಹೌದು, ಇದೆ. ಆ ಸೊಸೆಗೆ ಏನು ಹೇಳಬೇಕು ಅಂತ ನನಗೆ ಸರಿಯಾಗಿ ಗೊತ್ತಿತ್ತು. ಅಂದರೆ ಆ ದಿನ ಕನ್ನಡಿಯ ಎದುರು ಇದ್ದದ್ದು ಅಮ್ಮನೇ. ಪೂರ್ತಿ ಅಮ್ಮನೇ.

ನನ್ನ ಸಿನಿಮಾ ಹುಚ್ಚಿನಿಂದ ಕಲಿತದ್ದು ಇಷ್ಟು. ಅರ್ಧ ಚಿತ್ರ ಮುಗಿದರೂ ದೆವ್ವವನ್ನು ತೋರಿಸುವುದಿಲ್ಲ, ಬಾಗಿಲು ಕಿರ್ರೆನ್ನುವುದಷ್ಟೇ. ಜನ ಚಡ್ಡಿ ಒದ್ದೆ ಮಾಡಿಕೊಳ್ಳುವುದು ಆಗಲೇ. ತೋರಿಸಿದ ಮೇಲೆ ನೋಡಿದರೆ ಮುಖಕ್ಕೆ ಹಿಟ್ಟು ಬಳಿದುಕೊಂಡ ಯಾರೋ ಬಡಪಾಯಿ. ನೀನು ಅಮ್ಮನನ್ನು ನೋಡಲಿಲ್ಲ. ಅದಕ್ಕೇ ಇಷ್ಟು ವರ್ಷವಾದರೂ ನಿನ್ನ ತಲೆಯಲ್ಲಿ ಬಾಗಿಲು ಕಿರ್ರೆನ್ನುತ್ತಲೇ ಇದೆ. ಕಣ್ಣು ಮುಚ್ಚಿಸಿದವಳು ನಾನು, ಬಿಡಿಸಬೇಕಾದವಳೂ ನಾನೇ. ಇಲ್ಲಿ ಇರುವುದು ಮೂಳೆಚಕ್ಕಳದ ಒಬ್ಬ ಮುದುಕಿ, ಅಷ್ಟೇ. ಬಂದು ನೋಡು.

ಬರುವ ಭಾನುವಾರ ಮ್ಯಾಟಿನಿ ಹೊತ್ತಿಗೆ ಬಾ. ಕಿಟಕಿ ತೆರೆಸಿ ಬೆಳಕು ಮಾಡಿಸಿರುತ್ತೇನೆ. ದರ್ಜಿಯ ಮನೆ ಮೇಲಿದ್ದರೂ ಅಂಗಡಿ ಕೆಳಗೆ ಬೀದಿಯಲ್ಲಿದೆ, ಮಗಳನ್ನು ಅಲ್ಲಿ ಕೂರಿಸಿ ನೀನೊಬ್ಬಳೇ ಮೇಲೆ ಬಾ. ಮಂಚದ ಎಡಗಡೆ ಕುರ್ಚಿ ಇರುತ್ತದೆ, ನಿನ್ನ ಮಾಮೂಲು ಕಡೆ. ನಿನ್ನ ಕೈ ನನ್ನ ಕೈಯಲ್ಲಿಡು. ಕೆಟ್ಟದ್ದು ಬರುವ ಮೊದಲು ಹೇಳುತ್ತೇನೆ. ಯಾವತ್ತಾದರೂ ತಪ್ಪಿದ್ದೇನಾ?

ಬರದಿದ್ದರೆ ಇನ್ನೊಂದು ದಿಂಬು ಕಳಿಸಬೇಡ. ಇರುವ ದಿಂಬುಗಳ ನಡುವೆ ನನ್ನನ್ನು ಹುಡುಕುವುದೇ ದರ್ಜಿಗೆ ಕಷ್ಟವಾಗಿದೆ.

ನಿನಗಿಂತ ಮೊದಲು ನೋಡಿ ಬಂದವಳು,
ನಿನ್ನ ಅಕ್ಕ

ತಾ.ಕ.: ಕನ್ನಡಕ ಒಡೆದಿಲ್ಲ. ಸುಳ್ಳು ಬರೆಸಿದ್ದಕ್ಕೆ ದರ್ಜಿ ಮುಖ ಊದಿಸಿಕೊಂಡಿದ್ದಾನೆ, ಅದಕ್ಕೇ ಇದು. ಎರಡೂ ಕೈ ಸತ್ತು ತಿಂಗಳುಗಳಾದವು. ನೀನು ಕೈ ಹಿಡಿದರೆ ನನಗೆ ತಿಳಿಯುತ್ತದೆ, ತಿರುಗಿ ಅದುಮಲಾರೆ. ರೆಪ್ಪೆಗಳು ಮಾತ್ರ ನನ್ನ ಮಾತು ಕೇಳುತ್ತವೆ. ಒಂದು ಸಲ ಮಿಟುಕಿಸಿದರೆ ಬರ್ತಾ ಇದೆ ಅಂತ, ಎರಡು ಸಲ ಮಿಟುಕಿಸಿದರೆ ಬಂತು ಅಂತ. ಅದು ಕಾಣಬೇಕಾದರೆ ನೀನು ನನ್ನ ಮುಖ ನೋಡುತ್ತಲೇ ಇರಬೇಕು. ಹಾಗಾದ್ರೆ ಅವರು ಕಣ್ಣು ಮುಚ್ಚೋದು ಯಾವಾಗ ಅಂತ ದರ್ಜಿ ಕೇಳುತ್ತಿದ್ದಾನೆ. ಈ ಸಲ ಅವಳು ಮುಚ್ಚೋ ಹಾಗಿಲ್ಲ ಕಣಯ್ಯಾ, ಮುಚ್ಚೋಳು ನಾನು, ಹಾಗೇ ಬರಿ ಅಂದೆ.