ಗೋಮಾಳದ ದಾರಿಗೆ ಎರಚಿದ ಬಿಳಿ ಹೂ

ಅಜ್ಜೀ,

ಮಣ್ಣಿಗೆ ಹೋಗಿ ಆರು ತಿಂಗಳಾದವಳನ್ನು ಎಬ್ಬಿಸುತ್ತಿದ್ದೇನೆ, ಬೈಯಬೇಡ. ಸಾಸ್ವೆಹಳ್ಳಿಯಲ್ಲಿ ನನ್ನ ಮಾತು ನಂಬುತ್ತಿದ್ದವಳು ನೀನೊಬ್ಬಳೇ. ನಮ್ಮ ಗೋಮಾಳ ಕೈಬಿಟ್ಟು ಹೋಗುತ್ತಿದೆ ಅಜ್ಜಿ.

ಹೋದ ವರ್ಷ ಮಳೆ ಬಿದ್ದಾಗ, ಎಮ್ಮೆ ಮೇಯಿಸುತ್ತ ಕೂತಲ್ಲೇ ನೀನು ಒಂದು ಸಸಿ ತೋರಿಸಿದ್ದೆ. "ದವನದಂಗೆ ಕಾಣತೈತೆ. ಮೂಸಿ ನೋಡು, ದವನ ಅಲ್ಲ, ಕಾಂಗ್ರೆಸ್ ಗಿಡ. ಹಿಂಗೆ ನೆಲಕ್ಕೆ ಅಂಟಿಕೊಂಡಿರೋವಾಗ್ಲೇ ಬೇರು ಸಮೇತ ಕೀಳ್ಬೇಕು. ಬಿಳೇ ಹೂ ಬಂತು ಅಂದ್ರೆ ಮುಗೀತು." ನಾನು ಕೇಳಿದೆನೇ? ಆ ಸಸಿಗೆ ಕೈಮುಗಿದು ಸ್ವಾಗತ ಭಾಷಣ ಮಾಡಿದೆ. ನಗಬಾರದು ಅಂದುಕೊಂಡೂ ನೀನು ನಕ್ಕುಬಿಟ್ಟೆ.

ಆಮೇಲೆ ಆ ಶವಯಾತ್ರೆ. ಕೆರೆ ಮಗ್ಗುಲಲ್ಲಿ ಎದೆಮಟ್ಟ ಬೆಳೆದು ಒಣಗಿದ್ದ ಗಿಡಗಳನ್ನು ಕಿತ್ತು, ಚಟ್ಟಕ್ಕೆ ಕಟ್ಟಿ, ಗೆಳೆಯರ ಹೆಗಲಿಗೇರಿಸಿ ಗೋಮಾಳದ ಉದ್ದಕ್ಕೂ ಹೊರಟೆವು. "ಮೃತರು ಅಪಾರ ಬಂಧುಬಳಗವನ್ನು ಅಗಲಿದ್ದಾರೆ" ಎಂದು ನಾನು ಗಂಭೀರವಾಗಿ ಸಾರುತ್ತಿದ್ದೆ. ಹೆಣದ ಮುಂದೆ ಮಂಡಕ್ಕಿ ಎರಚುವಂತೆ ಆ ಬಿಳಿ ಹೂಗಳನ್ನೇ ಉಜ್ಜಿ ಉಜ್ಜಿ ಎರಚಿದೆ. ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು. ನೀನೊಬ್ಬಳು ಕೋಲು ಹಿಡಿದು ಓಡಿ ಬಂದೆ.

"ಏ ಮಂಗ್ಯಾ, ಹೂಳಾಕೆ ಹೊಂಟೀಯೋ ಬಿತ್ತಾಕೆ ಹೊಂಟೀಯೋ?"

"ಸಾವಿನ ಮೆರವಣಿಗೆ ಅಜ್ಜಿ, ಗದ್ದಲ ಮಾಡಬಾರ್ದು" ಅಂದುಬಿಟ್ಟೆ...

ನಿನ್ನ ಮುಂದೆ ನಿಜವಾದ ಮಂಡಕ್ಕಿ ಎರಚಿದಾಗ ಇನ್ನೂ ಮಳೆ ಬಿದ್ದಿರಲಿಲ್ಲ. ಈಗ ಬಿದ್ದಿದೆ. ನಾವು ಚಟ್ಟ ಹೊತ್ತು ನಡೆದ ದಾರಿಯಲ್ಲೇ, ಗೆರೆ ಎಳೆದಂತೆ, ಆ ಗಿಡ ಹುಟ್ಟಿ ಎರಡೂ ಬದಿಗೆ ಹಬ್ಬಿದೆ. ಹುಲ್ಲು ಎಲ್ಲಿ ಹೋಯಿತು? ಬೇರೇನೂ ಸಿಗದೆ ಎಮ್ಮೆ ಅದಕ್ಕೇ ಬಾಯಿ ಹಾಕಿ, ಹಾಲು ಕಹಿಯಾಗಿದೆ. ಗ್ರಾಮಸೇವಕರು ಹೇಳಿದರೆಂದು ಉಪ್ಪುನೀರು ಹೊಡೆದೆ. ಎಲೆ ಸುಟ್ಟಿತು, ಬುಡ ಮತ್ತೆ ಚಿಗುರಿತು. ಹದಿನೈದು ದಿನದಿಂದ ಒಬ್ಬನೇ ಕೀಳುತ್ತಿದ್ದೇನೆ. ಮೊಣಕೈವರೆಗೆ ಕಜ್ಜಿ ಎದ್ದಿದೆ, ಕಣ್ಣು ಊದಿದೆ. ಜನರನ್ನು ಕರೆದರೆ, "ಇದು ಯಾವ ಹೊಸ ನಾಟಕನಲೇ?" ಅನ್ನುತ್ತಾರೆ. "ಗಾಳಿಗೆ ಬಂದಿದ್ದು, ನಾವೇನು ಮಾಡಾಕೆ ಆಗತೈತೆ?" ಅನ್ನುತ್ತಾರೆ. ಗಾಳಿಯಲ್ಲ, ನಾನು ಎಂದು ಹೇಳುವ ಧೈರ್ಯ...

ಇವತ್ತು ಸಂಜೆ ಮೊದಲ ಮೊಗ್ಗು ಕಂಡೆ ಅಜ್ಜಿ. ಅರ್ಧ ಗೋಮಾಳವೂ ಮುಗಿದಿಲ್ಲ.

ನಾಳೆ ಬೆಳಗ್ಗೆ ಎಲ್ಲರೂ ಡೈರಿ ಮುಂದೆ ಹಾಲು ಹಿಡಿದು ನಿಂತಿರುವಾಗ, ಬಿತ್ತಿದವನು ನಾನೇ ಎಂದು ಕೂಗಿ ಹೇಳಿಬಿಡುತ್ತೇನೆ. ಹೇಳಿ, ನೇರ ಗೋಮಾಳದ ಕಡೆಗೇ ಓಡುತ್ತೇನೆ. ಹೊಡೆಯುವುದಕ್ಕಾದರೂ ಅಟ್ಟಿಸಿಕೊಂಡು ಬರುತ್ತಾರಲ್ಲವೇ? ಅಷ್ಟು ಕೈಗಳು ಅಲ್ಲಿಯವರೆಗೆ ಬಂದರೆ ಸಾಕು.