ಹೋದ ವರ್ಷದ ಪಟ್ಟಿ

ಭಾವ,

ಬೆಳಗಿನ ಶಿಫ್ಟಿಗೆ ಹೊರಟೆ. ಸಮುದ್ರಕ್ಕೆಂದು ನೀವು ತುಂಬಿಟ್ಟ ಬ್ಯಾಗನ್ನು ಬಿಚ್ಚಿದ್ದೇನೆ, ಸಿಟ್ಟಾಗಬೇಡಿ. ಆಸ್ಪತ್ರೆ ಸೇರುವ ಮುಂಚೆ ಅಕ್ಕ ಬರೆದಿಟ್ಟ ಪಟ್ಟಿ ನೋಡಿ ಒಂದೂ ಬಿಡದೆ ತುಂಬಿದ್ದೀರಿ. ಆದರೆ ಅದು ಹೋದ ವರ್ಷದ ಪಟ್ಟಿ. ಮಕ್ಕಳು ಬೆಳೆದಿದ್ದಾರೆ, ಭಾವ.

ನಿನ್ನೆ ಹಾಕಿ ನೋಡಿದರೆ ದೊಡ್ಡವಳ ಫ್ರಾಕು ಭುಜದಲ್ಲೇ ಸಿಕ್ಕಿಕೊಂಡಿತು. "ಅಮ್ಮ ಬರೆದಿದಾಳಲ್ಲ, ನಂಗೆ ಇದೇ ಬೇಕು" ಅಂತ ಹಠ. ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದೇನೆ. ದಿನವಿಡೀ ಗಾರ್ಮೆಂಟ್ಸಿನಲ್ಲಿ ಯಾರ್ಯಾರದೋ ಬಟ್ಟೆ ಹೊಲಿಯುವವಳು ಇಷ್ಟಾದರೂ ಮಾಡಬೇಡವೇ. ಚಿಕ್ಕವನಿಗೆ ಡೈಪರ್ ಬೇಡ. ಅಕ್ಕ ತೀರಿಕೊಂಡ ಎರಡನೇ ತಿಂಗಳಿಗೇ ಬಿಡಿಸಿದೆ. ಅಷ್ಟೂ ನಿಮ್ಮ ಕಣ್ಣಿಗೆ ಬಿದ್ದಿಲ್ಲವೇ? ಅವನ ಹೊಸ ಚಪ್ಪಲಿ ಬಾಗಿಲ ಹಿಂದಿದೆ.

ಬಸ್ಸಿನಲ್ಲಿ ದೊಡ್ಡವಳಿಗೆ ವಾಂತಿಯಾಗುತ್ತದೆ, ಕಿಟಕಿ ಪಕ್ಕ ಕೂರಿಸಿ. ನೀರಿಗಿಳಿದಾಗ ಇಬ್ಬರ ಕೈಯೂ ಬಿಡಬೇಡಿ. ಎರಡು ದಿನವಾದರೂ ಹೊತ್ತುಹೊತ್ತಿಗೆ ಊಟ ಮಾಡಿ.

ಪಟ್ಟಿಯ ಕೊನೆಗೆ "ನನ್ನ ಟವೆಲ್" ಅಂತಿದೆ. ಅದನ್ನೂ ಮಡಿಚಿ ಇಟ್ಟಿದ್ದೀರಿ. ಅದೊಂದನ್ನು ನಾನು ತೆಗೆದಿಲ್ಲ. ಮಕ್ಕಳ ಮೈ ಅದರಲ್ಲೇ ಒರೆಸಿ. ಬರುವಾಗ ಅದೂ ಒದ್ದೆಯಾಗಿರಲಿ.