ನಡುಸಾಲಿನ ನಾಲ್ಕನೇ ಕಾರು

ಬಳಿಗಾರ ಓಣಿ,
ಕ್ರಿ.ಶ. 2119, ಶ್ರಾವಣದ ಎರಡನೇ ಸರಿಸುವಾರ

ಪೂಜ್ಯ ಮುತ್ತಜ್ಜಿ ಸುವರ್ಣಾ ಅವರಿಗೆ ಮರಿಮಗಳು ನೀಲಾಂಬಿಕೆ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ಓದಿ ನೀವು ಕನ್ನಡಕ ಒರೆಸಿಕೊಂಡಿರಬಹುದು. ನಿಮ್ಮ ವಾರಕ್ಕೆ ಏಳು ದಿನ, ನಮ್ಮದಕ್ಕೆ ಎಂಟು. ಶನಿವಾರ ಮುಗಿದ ಮೇಲೆ ಸರಿಸುವಾರ, ಆಮೇಲೆ ರವಿವಾರ. ಸರಿಸುವಾರ ಊರಿನವರೆಲ್ಲ ತಮ್ಮ ತಮ್ಮ ಕಾರನ್ನು ಒಂದು ಮೊಳ ಮುಂದಕ್ಕೆ ತಂದು, ಅಡಿಯಲ್ಲಿನ ಕಸ ಬಳಿದು, ಮತ್ತೆ ಒಂದು ಮೊಳ ಹಿಂದಕ್ಕೆ ನಿಲ್ಲಿಸಬೇಕು. ನಮ್ಮ ಕಾರುಗಳ ಪ್ರಯಾಣ ಇಷ್ಟೇ. ನನ್ನ ಪತ್ರದಲ್ಲಿ ಇಂಥ ಇನ್ನೂ ಕೆಲವು ಶಬ್ದಗಳು ಬರುತ್ತವೆ, ದಯವಿಟ್ಟು ಕ್ಷಮಿಸಿ. ಪತ್ರ ನಿಮ್ಮ ಕೈಗೆ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ವಿವರಿಸುವ ವಿದ್ಯೆ ನನಗಿಲ್ಲ, ಈಗ ಸಮಯವೂ ಇಲ್ಲ. ನನ್ನ ಮಗಳು ಶಿವಲೀಲಾ ಕೆಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ಅವಳಿಗೆ ದಿನ ತುಂಬಿವೆ. ಬರೆಯುತ್ತಿದ್ದರೂ ನನ್ನ ಕಿವಿ ಅಲ್ಲೇ ಇದೆ.

ನಿಮ್ಮ ಲೆಕ್ಕದಲ್ಲಿ ಇವತ್ತು ಶುಕ್ರವಾರ. ಓಣಿಯ ಮೊದಲ ಕಾರು, ಬಿಳಿಯದು, ಇವತ್ತೇ ನಿಮ್ಮ ಮನೆ ಮುಂದೆ ಬಂದು ನಿಂತಿದೆ. ನಿಂಬೆಹಣ್ಣು ಚಕ್ರದಡಿ ಇಟ್ಟಿದ್ದೀರಿ. ಬರುವ ಸೋಮವಾರ ನಗರಸಭೆಯಲ್ಲಿ ಠರಾವು ಬರುತ್ತದೆ: ಮನೆಗೊಂದು ಕಾರು ಬರಬೇಕು, ಮೊದಲ ಕಾರಿಗೆ ರಸ್ತೆ ತೆರಿಗೆ ಇರಬಾರದು, ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ, ಓಣಿಯ ಬಸ್ಸು ರದ್ದಾಗಲಿ. ಠರಾವು ಒಂದೇ ಒಂದು ಕೈಯಿಂದ ಗೆದ್ದಿತು. ಆ ಸಭೆಯ ಫೋಟೊ ನಮ್ಮ ಪಡಸಾಲೆಯಲ್ಲಿದೆ. ಹಸಿರು ಇಳಕಲ್ ಸೀರೆಯಲ್ಲಿ, ಎರಡನೇ ಸಾಲಿನಲ್ಲಿ, ಕೈಯೆತ್ತಿ ನಿಂತಿದ್ದೀರಿ. ಎತ್ತಿದ ಕೈಯಲ್ಲಿ ಹೊಸ ಕೀಲಿಕೈ, ಅದಕ್ಕೆ ಬೆಳ್ಳಿಯ ಪುಟ್ಟ ನಂದಿ. ಈ ಹೊತ್ತು ನೀವು ನನಗಿಂತ ಹನ್ನೊಂದು ವರ್ಷ ಚಿಕ್ಕವರು, ಆದ್ದರಿಂದ ಹಿರಿಯಳ ಹಾಗೆ ಒಂದು ಮಾತು ಹೇಳುತ್ತೇನೆ: ಫೋಟೊದಲ್ಲಿ ನಿಮ್ಮ ಮುಖ ಬಹಳ ಚೆಂದ ಬಂದಿದೆ. ಆದರೂ ಎಷ್ಟೋ ಸಲ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದೇನೆ.

ನೀವು ಯಾಕೆ ಕೈಯೆತ್ತಿದಿರೆಂದು ನನಗೆ ಗೊತ್ತು. ಜ್ವರದಲ್ಲಿ ಸುಡುತ್ತಿದ್ದ ನಿಮ್ಮ ಮಗಳನ್ನು, ಅಂದರೆ ನನ್ನ ಅಜ್ಜಿಯನ್ನು, ಸೊಂಟದ ಮೇಲೆ ಹೊತ್ತು ಮಳೆಯಲ್ಲಿ ನಿಂತಿದ್ದಾಗ ಮೂರು ಬಸ್ಸು ತುಂಬಿಕೊಂಡು ನಿಲ್ಲದೇ ಹೋದವು. ಅವತ್ತು ನೀವು ಆಡಿದ ಮಾತನ್ನು ನಮ್ಮ ಮನೆಯ ಮಕ್ಕಳು ಇಂದಿಗೂ ಅಭಿನಯ ಮಾಡಿ ತೋರಿಸುತ್ತಾರೆ: "ನನ್ನ ಮಕ್ಕಳು ಇನ್ನೊಬ್ಬರ ಬಾಗಲಾ ಹಿಡದು ಜೋತಬೀಳೂದು ಬ್ಯಾಡ. ನಮ್ಮ ಗಾಡಿ ನಮಗಿರಲಿ." ಆ ಸಿಟ್ಟು ತಪ್ಪಲ್ಲ, ಮುತ್ತಜ್ಜಿ. ಶ್ರೀಮಂತರಷ್ಟೇ ಕಾರಿನಲ್ಲಿ ಕೂರಬೇಕು, ಬಡವರು ಹೆಗಲ ಮೇಲೆ ಮಕ್ಕಳನ್ನು ಹೊತ್ತು ತಿರುಗಬೇಕು ಅನ್ನುವವರ ಜೊತೆ ನಾನೂ ಜಗಳಕ್ಕೆ ಬೀಳುತ್ತೇನೆ. ಆದರೆ ನಿಮಗೆ ಬೇಕಾಗಿದ್ದುದು ನಾಲ್ಕನೇ ಬಸ್ಸು. ನೀವು ಕೇಳಿದ್ದು ಕಾರು. ನಿಮ್ಮನ್ನು ನೋಡಿ ಪಕ್ಕದ ಮನೆಯವರು ಕೇಳಿದರು, ಅವರನ್ನು ನೋಡಿ ಎದುರಿನವರು. ಹೋದ ಬಸ್ಸು ಮತ್ತೆ ಬರಲಿಲ್ಲ.

ಈಗ ಓಣಿಯಲ್ಲಿ ನಲವತ್ತೊಂದು ಕಾರುಗಳಿವೆ. ಎರಡೂ ಬದಿಯ ಗೋಡೆಗೆ ಒಂದೊಂದು ಸಾಲು, ಜಾಗ ಸಾಲದೆ ಆಮೇಲೆ ಹುಟ್ಟಿದ ನಡುಸಾಲು. ನಮ್ಮ ಬಾಗಿಲುಗಳು ಒಳಕ್ಕೆ ಮಾತ್ರ ತೆರೆಯುತ್ತವೆ. ಸಂತೆಗೆ, ಶಾಲೆಗೆ, ಸಾವಿನ ಮನೆಗೆ ನಾವು ಮಾಳಿಗೆಯಿಂದ ಮಾಳಿಗೆಗೆ ಹಲಗೆ ಹಾಕಿಕೊಂಡು ಹೋಗುತ್ತೇವೆ, ಅದಕ್ಕೆ ಮೇಲ್ದಾರಿ ಎಂದು ಹೆಸರು. ಬಾನೆಟ್ಟಿನ ಮೇಲೆ ಹಪ್ಪಳ, ಶಾಂಡಿಗೆ ಬಲು ಬೇಗ ಒಣಗುತ್ತವೆ, ಆ ಮಟ್ಟಿಗೆ ಕಾರು ಉಪಕಾರಿ. ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಾರೆ. ಹೊಸ ಬೀಗರು ಬಂದರೆ ಮುಂದಿನ ಸೀಟಿನಲ್ಲಿ ಕೂಡಿಸಿ ಚಹಾ ಕೊಡುವುದು ಮರ್ಯಾದೆ. ಇದನ್ನೆಲ್ಲ ತೆಗೆದು ಬಿಸಾಡಬಾರದೇ ಎಂದು ನೀವು ಕೇಳಬಹುದು. ಕಾರು ನಿಂತ ತುಣುಕು ನೆಲಕ್ಕೆ ನಾವು ನಿಲ್ಲೆಡೆ ಅನ್ನುತ್ತೇವೆ. ನಿಲ್ಲೆಡೆ ಇದ್ದ ಮನೆಗಷ್ಟೇ ವಾರ್ಡಿನ ಪಟ್ಟಿಯಲ್ಲಿ ಹೆಸರು, ರೇಷನ್ನು, ಮತ. ಕಾರು ಕಾಲು ತಾಸು ಕದಲಿದರೆ ಸಾಕು, ಇನ್ನೊಬ್ಬರ ಕಾರು ಅಲ್ಲಿ ಬಂದು ನಿಲ್ಲುತ್ತದೆ, ಆ ನೆಲ ಅವರದಾಗುತ್ತದೆ. ಆದ್ದರಿಂದ ಎಲ್ಲರೂ ತಮ್ಮ ಕಾರನ್ನು ಕಾಯುತ್ತಾ ಕೂತಿದ್ದೇವೆ.

ಬೆಂಕಿ, ಹೆರಿಗೆ, ಹೆಣ, ಈ ಮೂರಕ್ಕೆ ಮಾತ್ರ ಓಣಿ ಬಿಚ್ಚುತ್ತೇವೆ. ಗಂಟೆ ಬಾರಿಸಿ, ನಡುಸಾಲಿನ ಹದಿನಾಲ್ಕು ಕಾರುಗಳನ್ನು ಒಂದರ ಹಿಂದೆ ಒಂದು ದೊಡ್ಡರಸ್ತೆಗೆ ಹೊರಡಿಸಿದರೆ ಆಸ್ಪತ್ರೆಯ ಗಾಡಿ ಒಳಗೆ ಬರುವಷ್ಟು ದಾರಿಯಾಗುತ್ತದೆ. ಮಾಲೀಕರನ್ನು ಹುಡುಕುತ್ತಾ ಹೋದರೆ ಹೊತ್ತು ಮೀರುತ್ತದೆಂದು ಆ ಹದಿನಾಲ್ಕರ ಕೀಲಿಕೈಗಳು ಒಂದು ಹಲಗೆಯ ಮೇಲೆ ತೂಗುತ್ತವೆ. ಹಲಗೆ ಇರುವುದು ನನ್ನ ಮನೆಯಲ್ಲಿ. ನಾನು ಈ ಓಣಿಯ ಕೀಲಿಯವ್ವ. ಜನ ನನ್ನನ್ನು ನಂಬುತ್ತಾರೆ.

ಹೋದ ತಿಂಗಳು ಡಾಕ್ಟರು ಶಿವಲೀಲೆಯನ್ನು ನೋಡಿ, ಗರ್ಭದ ಮಾಸು ಮಗುವಿನ ದಾರಿಗೆ ಅಡ್ಡವಾಗಿ ಕೆಳಗಿದೆ ಎಂದರು. "ರಕ್ತ ಕಂಡ್ರ ಅರ್ಧಾ ತಾಸಿನ್ಯಾಗ ನಮ್ಮ ಕಡೆ ಇರಬೇಕ್ರಿ ಅವ್ವಾರ. ಏಣಿ ಹತ್ತಸಬ್ಯಾಡ್ರಿ, ಹಲಗಿ ಮ್ಯಾಲೆ ನಡಸಬ್ಯಾಡ್ರಿ." ನೋವು ಬರುವ ಮುಂಚೆ ಹಾಸಿಗೆ ಕೊಡುವಷ್ಟು ಜಾಗ ಆಸ್ಪತ್ರೆಯಲ್ಲಿಲ್ಲ, ಅದರ ಅಂಗಳದ ತುಂಬ ಕಾರುಗಳೇ. ಹೋದ ವರ್ಷ ನಮ್ಮ ನೆರೆಯ ಫಕೀರಪ್ಪ ಕಾಕಾ ತಮ್ಮ ಹೆಂಡತಿಗೆ ಎದೆನೋವು ಬಂದಾಗ ಓಣಿ ಬಿಚ್ಚುವುದನ್ನು ಕಾಯದೆ, ನಾಲ್ಕು ಜನರ ಕೈಯಲ್ಲಿ ಅವರನ್ನು ಕಾರುಗಳ ನೆತ್ತಿಯ ಮೇಲೇ ಹೊರಿಸಿದರು. ಮೂರನೇ ಕಾರಿನ ತುಕ್ಕು ಹಿಡಿದ ತಗಡು ಕುಸಿಯಿತು. ಕಾಕಿ ಬದುಕಿದರು, ಮತ್ತೆ ನಡೆಯಲಿಲ್ಲ.

ಹಾಗಾಗಿ ಹೋದ ಸರಿಸುವಾರ, ಕಾರು ಸರಿಸಿ ಎಲ್ಲರೂ ಊಟಕ್ಕೆ ಹೋದ ಮೇಲೆ, ಹಲಗೆಯ ಕೀಲಿಕೈಗಳನ್ನು ಸೆರಗಿಗೆ ಕಟ್ಟಿಕೊಂಡು ನಾನೊಬ್ಬಳೇ ಪರೀಕ್ಷೆಗೆ ಇಳಿದೆ. ಮೊದಲನೆಯದು ತೆರೆಯಿತು. ಎರಡನೆಯದು ತೆರೆಯಲಿಲ್ಲ. ಇನ್ನೊಮ್ಮೆ ತಿರುಗಿಸಿದೆ, ಕೀಲಿಕೈ ಒರೆಸಿ ಮತ್ತೊಮ್ಮೆ. ಐದು, ಆರು, ಒಂಬತ್ತು, ಹನ್ನೊಂದು, ಹದಿಮೂರು, ಯಾವುದೂ ತೆರೆಯಲಿಲ್ಲ. ಆರು ಮನೆಯವರು ಹಲಗೆಗೆ ಖೋಟಾ ಕೀಲಿಕೈ ಹಾಕಿ, ನಿಜವಾದದ್ದನ್ನು ಬಚ್ಚಿಟ್ಟುಕೊಂಡಿದ್ದರು. ಯಾಕೆಂದು ಊಹಿಸಲು ಕಷ್ಟವಿಲ್ಲ. ಮೂರು ವರ್ಷದ ಹಿಂದೆ ಪಕ್ಕದ ಓಣಿಯಲ್ಲಿ ಯಾರೋ ಹಲಗೆಯಿಂದ ಕೀಲಿಕೈ ಕದ್ದು, ಒಂದು ಕಾರನ್ನು ಹೊರಗೆ ತಳ್ಳಿ, ನಿಲ್ಲೆಡೆ ಕಸಿದುಕೊಂಡರು. ಪಟ್ಟಿಯಿಂದ ಹೆಸರು ಹೋಗಿ ಆ ಮನೆಯವರು ಊರನ್ನೇ ಬಿಟ್ಟರು. ಅಂದಿನಿಂದ ಎಲ್ಲರಿಗೂ ಒಂದೇ ಭಯ. ಈ ಮೂರು ವರ್ಷ ಓಣಿ ಒಮ್ಮೆಯೂ ಬಿಚ್ಚಿರಲಿಲ್ಲ, ಸರಿಸುವಾರ ಪ್ರತಿಯೊಬ್ಬರೂ ಮನೆಯಲ್ಲಿನ ತಮ್ಮ ಎರಡನೇ ಕೀಲಿಕೈ ತಂದು ಕಾರು ಸರಿಸುವುದರಿಂದ ಈ ಮೋಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಾಲ್ಕನೇ ಕಾರನ್ನು ನಾನು ಪರೀಕ್ಷಿಸಲಿಲ್ಲ. ಅದು ನನ್ನದು. ಅದರ ನಿಜವಾದ ಕೀಲಿಕೈ ಜೋಳದ ಡಬ್ಬಿಯಲ್ಲಿತ್ತು. ಹಲಗೆಯ ಮೇಲೆ ತೂಗುತ್ತಿದ್ದುದು ನಿಮ್ಮದು ಮುತ್ತಜ್ಜಿ, ಬೆಳ್ಳಿ ನಂದಿಯದು. ಆ ಬಿಳಿ ಕಾರು ಗುಜರಿಗೆ ಹೋಗಿ ಎಪ್ಪತ್ತು ವರ್ಷವಾಯಿತು. ಓಣಿಯ ಮೊದಲ ಕಾರಿನ ನಂದಿ ಎಂದು ಜನ ಅದಕ್ಕೆ ಕೈಮುಗಿಯುತ್ತಿದ್ದರು, ಅದರ ಜೊತೆಗಿದ್ದ ಕೀಲಿಕೈಯನ್ನು ಅನುಮಾನಿಸುವ ಧೈರ್ಯ ಯಾರಿಗಿತ್ತು? ನನ್ನ ಕಾರು ಕದಲದಿದ್ದರೆ ಹಿಂದಿನ ಹತ್ತೂ ಕದಲುವುದಿಲ್ಲ. ನಮ್ಮ ಮನೆ ಓಣಿಯ ಕೊನೆಯಲ್ಲಿದೆ. ಮಗಳ ದಾರಿಗೆ ನಾನೇ ಅಡ್ಡ ನಿಂತಿದ್ದೆ. ಎಂಟು ದಿನ ಈ ಸತ್ಯವನ್ನು ನುಂಗಿಕೊಂಡು ಅವಳಿಗೆ ಗಂಜಿ ಕಾಯಿಸಿದೆ. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಇವತ್ತು ಬೆಳಿಗ್ಗೆ ಹತ್ತಕ್ಕೆ ಕೀಲಿಕೈಗಳ ಹಲಗೆ ಹೊತ್ತು ಮಾಳಿಗೆ ಹತ್ತಿ ಎಲ್ಲರನ್ನೂ ಕೂಗಿದೆ. ಜನ ಕಿಟಕಿಗಳಲ್ಲಿ, ಮೇಲ್ದಾರಿಯ ಹಲಗೆಗಳ ಮೇಲೆ ನೆರೆದರು. ನಿಮ್ಮ ಕೀಲಿಕೈ ಎತ್ತಿ ತೋರಿಸಿ, ಇದು ಸುಳ್ಳು, ಮೂರು ವರ್ಷದಿಂದ ನಿಮಗೆಲ್ಲ ಮೋಸ ಮಾಡಿದ್ದೇನೆ ಎಂದೆ. ನನ್ನ ನಿಜವಾದದ್ದನ್ನು ಎಲ್ಲರೆದುರು ಹಲಗೆಗೆ ಹಾಕಿದೆ. ಯಾರಾದರೂ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೊನೆಗೆ ಫಕೀರಪ್ಪ ಕಾಕಾ ಒಳಗೆ ಹೋಗಿ ತಮ್ಮದನ್ನು ತಂದರು. ಅವರದು ಆರನೆಯದು. "ಆಕಿ ಬಿದ್ದ ಮ್ಯಾಲೂ ನಾ ಖೋಟಾನ ಹಾಕಿದ್ನಿ, ನೀಲವ್ವಾ. ಆಕಿ ಮುಂದ ಹೆಂಗ ಹೇಳ್ಲಿ ಇದನ್ನ?" ಎಂದು ಗೋಡೆ ಹಿಡಿದು ಕೂತುಬಿಟ್ಟರು. ಅವರ ಹಿಂದೆ ಎರಡು, ಐದು, ಹನ್ನೊಂದು, ಹದಿಮೂರನೆಯವರು ತಲೆ ತಗ್ಗಿಸಿಕೊಂಡು ಬಂದರು. ಒಂಬತ್ತನೇ ಕಾರಿನವರ ಕಿಟಕಿ ಮಾತ್ರ ತೆರೆಯಲಿಲ್ಲ. ಮಧ್ಯಾಹ್ನದಿಂದ ಮೂರು ಸಲ ಬಡಿದು ಬಂದೆ. ಒಳಗೆ ಪಾತ್ರೆಯ ಸದ್ದು ಕೇಳುತ್ತದೆ, ಬಾಗಿಲು ತೆಗೆಯುವುದಿಲ್ಲ.

ನಿಮ್ಮ ಕೀಲಿಕೈಯನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಹೊಸದರ ಪಕ್ಕ ಇಟ್ಟು ನೋಡಿ, ಗುರುತು ಸಿಗುತ್ತದೆ. ನಂದಿಯ ಒಂದು ಕೋಡು ಸವೆದಿದೆ, ಅಷ್ಟೇ. ಬಂದ ಕಾರನ್ನು ವಾಪಸು ಕಳಿಸಿ ಎಂದು ನಾನು ಕೇಳುತ್ತಿಲ್ಲ. ಅಜ್ಜಿಯನ್ನು ಅದರಲ್ಲಿ ಕೂಡಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ, ಆಕೆ ಜ್ವರದಲ್ಲಿ ಬಹಳ ನರಳಿದ್ದಾಳೆ. ಆದರೆ ಸೋಮವಾರ ಸಭೆಯಲ್ಲಿ, ನಿಮ್ಮಂತೆ ಮಳೆಯಲ್ಲಿ ನಿಂತ ಹೆಂಗಸರೆಲ್ಲರ ಪರವಾಗಿ, ಆ ನಾಲ್ಕನೇ ಬಸ್ಸನ್ನು ಕೇಳಿ. ಓಣಿಯ ನಡುವೆ ಬಸ್ಸು ಹೋಗುವಷ್ಟು ಅಗಲವನ್ನು ಯಾರಿಗೂ, ನಿಮ್ಮ ಸ್ವಂತ ಮಕ್ಕಳಿಗೂ, ಬಿಟ್ಟುಕೊಡಬೇಡಿ.

ಕೆಳಗಿನಿಂದ ಶಿವಲೀಲಾ ಕೂಗುತ್ತಿದ್ದಾಳೆ. "ಅವ್ವಾ, ಲಗೂನ ಬಾ, ಹಾಸಿಗಿ ಒದ್ದಿ ಆಗೇತಿ" ಅನ್ನುತ್ತಿದ್ದಾಳೆ. ನೀರೋ ರಕ್ತವೋ ಗೊತ್ತಿಲ್ಲ. ಗಂಟೆ ಬಾರಿಸಲು ಹೋಗುತ್ತೇನೆ. ಹಲಗೆಯ ಮೇಲೆ ಹದಿಮೂರು ಕೀಲಿಕೈಗಳು ನಿಜವಾದವು. ಒಂಬತ್ತನೇ ಕಾರಿನವರು ಗಂಟೆ ಕೇಳಿ ಏನು ಮಾಡುತ್ತಾರೋ ನನ್ನ ಕೈಯಲ್ಲಿಲ್ಲ.

ನಿಮ್ಮ ಕೈ ಇನ್ನೂ ಕೆಳಗಿದೆ, ಮುತ್ತಜ್ಜಿ.

ನಿಮ್ಮ ಮರಿಮಗಳು,
ನೀಲಾಂಬಿಕೆ